ದೇಶ ಬಿಡುವುದು ಅಷ್ಟು ಸುಲಭದ ಸಲಹೆಯೇ?

ಮಾನ್ಯ ಸಂಪಾದಕರೇ,

ಲಿಂಗತ್ವ ಅಲ್ಪಸಂಖ್ಯಾತರ ಸ್ಥಿತಿಗತಿಯ ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಈಚೆಗೆ ನಡೆದ ಚರ್ಚೆಯನ್ನು ಅಮೆರಿಕದ ಟೆಕ್ಸಸ್ ರಾಜ್ಯದಿಂದ ಗಮನಿಸುತ್ತ ಬಂದಿದ್ದೇನೆ. ನಮ್ಮಲ್ಲಿ ಇಂಥವರು ಘನತೆಯಿಂದ ಬಾಳುವುದು ಕಷ್ಟವಾದ್ದರಿಂದ, ಓದು ಮತ್ತು ಉದ್ಯೋಗದ ಅನುಕೂಲವಿರುವವರು ಅಮೆರಿಕದಂಥ ದೇಶಕ್ಕೆ ಹೋಗಿ ನೆಲೆಸುವುದೇ ಮೇಲು ಎಂದು ಓದುಗರೊಬ್ಬರು ಬರೆದಿದ್ದರು. ಅದಕ್ಕೆ ಉತ್ತರವಾಗಿ ಮತ್ತೊಬ್ಬರು, ಅಮೆರಿಕದಲ್ಲೂ ಈಗ ಕಾನೂನು ಬಿಗಿಯಾಗಿರುವುದರಿಂದ ಅಲ್ಲಿರುವವರು ಕೆನಡಾಕ್ಕೋ ಯುರೋಪಿಗೋ ಹೋಗಲಿ, ಅದೂ ಆಗದಿದ್ದರೆ ಊರಿಗೆ ಮರಳಲಿ ಎಂದಿದ್ದರು. ಇಬ್ಬರ ಸದುದ್ದೇಶದ ಬಗ್ಗೆಯೂ ನನಗೆ ಅನುಮಾನವಿಲ್ಲ. ಆದರೆ ಅವರು ಹೇಳಿದ ದಾರಿಗಳನ್ನೆಲ್ಲ ಕಳೆದ ಒಂದು ವರ್ಷದಿಂದ ಕಾಗದ ಪತ್ರ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿರುವವಳಾಗಿ, ಆ ಸಲಹೆಯೊಳಗೆ ಏನೇನು ಅಡಗಿದೆ ಎಂಬುದನ್ನು ತಮ್ಮ ಓದುಗರಿಗೆ ತಿಳಿಸಬೇಕೆನಿಸಿ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಷ್ಟು ಸಾಕು: ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳು, ಹುಟ್ಟಿದಾಗ ಗಂಡುಮಗು ಎಂದು ಬರೆಸಿದ್ದರು. ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆಂದು ಇಲ್ಲಿಗೆ ಬಂದು, ಇಲ್ಲಿಯೇ ಹೆಣ್ಣಾಗಿ ಬದುಕು ಕಟ್ಟಿಕೊಂಡು, ಈ ದೇಶದ ಪೌರತ್ವ ಪಡೆದಿದ್ದೇನೆ. ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಯಸ್ಸು ನಲವತ್ತೈದು ದಾಟಿದೆ. ಈ ವಿವರವನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಅಮೆರಿಕದ ಪಾಸ್‌ಪೋರ್ಟ್‌ನಲ್ಲಿ ಲಿಂಗವನ್ನು ದಾಖಲಿಸುವ ನಿಯಮ ಕಳೆದ ಹದಿನೈದು ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. 2010ರಿಂದ ವೈದ್ಯರ ಪತ್ರವೊಂದಿದ್ದರೆ ಸಾಕಿತ್ತು, ಶಸ್ತ್ರಚಿಕಿತ್ಸೆಯ ಪುರಾವೆ ಬೇಕಿರಲಿಲ್ಲ. 2021ರಲ್ಲಿ ಆ ಪತ್ರದ ಅಗತ್ಯವೂ ಹೋಯಿತು. 2022ರ ಏಪ್ರಿಲ್‌ನಿಂದ ಹೆಣ್ಣು, ಗಂಡು ಎರಡೂ ಅಲ್ಲದವರಿಗೆ ‘ಎಕ್ಸ್’ ಎಂಬ ಆಯ್ಕೆಯೂ ದೊರೆಯಿತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶದಿಂದ ಇವೆಲ್ಲ ನಿಂತುಹೋದವು. ಇನ್ನು ಮುಂದೆ ಕೊಡುವ ಪಾಸ್‌ಪೋರ್ಟ್‌ಗಳಲ್ಲಿ ಹುಟ್ಟಿದಾಗ ದಾಖಲಾದ ಲಿಂಗವೇ ಇರಬೇಕು ಎಂಬುದು ಈಗಿನ ನಿಯಮ. ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ 2025ರ ಏಪ್ರಿಲ್ ಮತ್ತು ಜೂನ್ ತಿಂಗಳಲ್ಲಿ ಇದಕ್ಕೆ ತಡೆ ನೀಡಿದ್ದರಿಂದ ನಮ್ಮಂಥ ಅನೇಕರು ಸ್ವಲ್ಪ ಉಸಿರಾಡಿದ್ದು ನಿಜ. ಆದರೆ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ಬದಿಗಿರಿಸಿ, ವ್ಯಾಜ್ಯ ಮುಗಿಯುವವರೆಗೆ ಸರ್ಕಾರದ ನಿಯಮವೇ ನಡೆಯಲಿ ಎಂದಿತು.

ಈಗಾಗಲೇ ಕೈಯಲ್ಲಿರುವ ಪಾಸ್‌ಪೋರ್ಟ್‌ಗಳು ಅವುಗಳ ಅವಧಿ ಮುಗಿಯುವವರೆಗೆ ಊರ್ಜಿತ. ನಾನು 2016ರಲ್ಲಿ ವೈದ್ಯರ ಪತ್ರ ಕೊಟ್ಟು ಪಡೆದ ಪಾಸ್‌ಪೋರ್ಟ್‌ನ ಹತ್ತು ವರ್ಷದ ಅವಧಿ ಈ ಅಕ್ಟೋಬರ್‌ನಲ್ಲಿ ತೀರುತ್ತದೆ. ನವೀಕರಿಸಿದರೆ ನನ್ನ ಫೋಟೊ ಮತ್ತು ನನ್ನ ಹೆಸರಿನ ಪಕ್ಕದಲ್ಲಿ ಗಂಡು ಎಂದು ಸೂಚಿಸುವ ‘ಎಂ’ ಎಂಬ ಅಕ್ಷರ ಬರುತ್ತದೆ. ಒಂದಕ್ಷರಕ್ಕೆ ಇಷ್ಟೊಂದು ಗೋಳೇ ಎಂದು ಕೇಳುವವರು ಇದ್ದಾರೆ. ಡಲ್ಲಾಸ್‌ನಿಂದ ಬೆಂಗಳೂರಿಗೆ ಹೋಗುವ ನಮ್ಮವರಲ್ಲಿ ಬಹಳಷ್ಟು ಮಂದಿ ದೋಹಾ ಅಥವಾ ದುಬೈನಲ್ಲಿ ವಿಮಾನ ಬದಲಿಸುತ್ತಾರೆ. ಹೆಂಗಸರ ಸಾಲಿನಲ್ಲಿ, ಪರದೆಯ ಹಿಂದೆ, ಹೆಣ್ಣು ಸಿಬ್ಬಂದಿಯಿಂದ ತಪಾಸಣೆಗೊಳಗಾಗುವಾಗ ಕೈಯಲ್ಲಿರುವ ದಾಖಲೆ ನನ್ನನ್ನು ಗಂಡು ಎಂದರೆ ಅಲ್ಲಿ ಉತ್ತರ ಹೇಳಬೇಕಾದವಳು ನಾನು. ನಿಯಮ ಮಾಡಿದವರು ಆ ಸಾಲಿನಲ್ಲಿ ನಿಂತಿರುವುದಿಲ್ಲ.

ಇದು ಕೇಂದ್ರ ಸರ್ಕಾರದ ಮಾತಾಯಿತು. ಟೆಕ್ಸಸ್ ರಾಜ್ಯದ್ದು ಬೇರೆಯೇ ಕಥೆ. ನ್ಯಾಯಾಲಯದ ಆದೇಶ ತಂದುಕೊಟ್ಟರೂ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಲಿಂಗವನ್ನು ಬದಲಿಸುವುದಿಲ್ಲ ಎಂದು ಇಲ್ಲಿನ ಸಾರ್ವಜನಿಕ ಸುರಕ್ಷತಾ ಇಲಾಖೆ 2024ರ ಆಗಸ್ಟ್‌ನಲ್ಲಿ ನಿರ್ಧರಿಸಿತು. ನನ್ನದು ಅದಕ್ಕೂ ಬಹಳ ಮೊದಲೇ ಬದಲಾಗಿತ್ತು; ನನಗಿಂತ ಚಿಕ್ಕವರಿಗೆ ಆ ಬಾಗಿಲು ಮುಚ್ಚಿದೆ. 2025ರ ಡಿಸೆಂಬರ್ 4ರಿಂದ ಜಾರಿಗೆ ಬಂದ ಇನ್ನೊಂದು ಕಾನೂನಿನ ಪ್ರಕಾರ ಸರ್ಕಾರಿ ಕಟ್ಟಡ, ಸಾರ್ವಜನಿಕ ಶಾಲೆ ಮತ್ತು ವಿಶ್ವವಿದ್ಯಾಲಯಗಳ ಶೌಚಾಲಯಗಳನ್ನು ಹುಟ್ಟಿದಾಗಿನ ಲಿಂಗದ ಪ್ರಕಾರವೇ ಬಳಸಬೇಕು. ದಂಡ ಬೀಳುವುದು ಒಳಗೆ ಹೋದ ವ್ಯಕ್ತಿಗಲ್ಲ, ಕಟ್ಟಡ ನಡೆಸುವ ಸಂಸ್ಥೆಗೆ: ಮೊದಲ ಸಲಕ್ಕೆ 25,000 ಡಾಲರ್, ಆಮೇಲೆ 1,25,000 ಡಾಲರ್. ಕಾನೂನು ಬರೆದವರ ಜಾಣತನ ಇರುವುದೇ ಇಲ್ಲಿ. ದಂಡದ ಭಯವಿರುವ ಸಂಸ್ಥೆ ಕಾವಲು ಕಾಯುವ ಕೆಲಸವನ್ನು ತಾನೇ ಮಾಡುತ್ತದೆ.

ಕನ್ನಡ ಕೂಟಗಳ ಕಾರ್ಯಕ್ರಮಗಳು ಇಲ್ಲಿ ಹೆಚ್ಚಾಗಿ ನಡೆಯುವುದು ಬಾಡಿಗೆಗೆ ದೊರೆಯುವ ಶಾಲೆಗಳ ಸಭಾಂಗಣದಲ್ಲಿ ಎಂಬುದನ್ನು ಬಲ್ಲವರಿಗೆ ಈ ಕಾನೂನು ನನ್ನವರೆಗೆ ಹೇಗೆ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಕಳೆದ ತಿಂಗಳ ಸಂಕ್ರಾಂತಿ ಕಾರ್ಯಕ್ರಮಕ್ಕೆ ನಾನು ಎಳ್ಳು ಬೆಲ್ಲದ ಪೊಟ್ಟಣ ಕಟ್ಟುವ ತಂಡದಲ್ಲಿದ್ದೆ. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಇದ್ದುದನ್ನು ಗಮನಿಸಿದ ಹಾಸನದ ಹೆಣ್ಣುಮಗಳೊಬ್ಬರು ಹತ್ತಿರ ಬಂದು, ‘ಅಕ್ಕಾ, ಉಪವಾಸಾನಾ?’ ಎಂದು ಕೇಳಿದರು. ವಿಷಯ ತಿಳಿಸಿದಾಗ ಹೆಚ್ಚು ಮಾತಾಡದೆ ಎದ್ದುಹೋದರು; ಶಾಲೆಯ ಸಿಬ್ಬಂದಿಯನ್ನು ಹುಡುಕಿ, ದಾದಿಯ ಕೋಣೆಗೆ ಹೊಂದಿಕೊಂಡಿದ್ದ, ಒಬ್ಬರೇ ಬಳಸುವ ಶೌಚಾಲಯದ ಬೀಗದ ಕೈ ತಂದುಕೊಟ್ಟರು. ಒಬ್ಬರೇ ಬಳಸುವ ಕೋಣೆಗೆ ಕಾನೂನಿನ ಅಡ್ಡಿಯಿಲ್ಲ. ಆ ಹೆಣ್ಣುಮಗಳ ಉಪಕಾರ ದೊಡ್ಡದು. ಆದರೂ ಮುಂದಿನ ರಾಜ್ಯೋತ್ಸವಕ್ಕೆ ಯಾರ ಬಳಿ ಬೀಗದ ಕೈ ಕೇಳಬೇಕು ಎಂದು ಮೊದಲೇ ಯೋಚಿಸುವ ಸ್ಥಿತಿಗೆ ನಲವತ್ತೈದು ದಾಟಿದ ಹೆಂಗಸು ಬಂದಿದ್ದಾಳೆ ಎಂಬುದು ನಿಜವೇ.

ಟ್ರಾನ್ಸ್‌ಜೆಂಡರ್ ಮಕ್ಕಳಿರುವ ಕುಟುಂಬಗಳ ಪಾಡು ನನ್ನದಕ್ಕಿಂತ ಕಠಿಣವಾದದ್ದು. ಅಪ್ರಾಪ್ತರಿಗೆ ಹಾರ್ಮೋನ್ ಮುಂತಾದ ಚಿಕಿತ್ಸೆಯನ್ನು ಟೆಕ್ಸಸ್ 2023ರ ಸೆಪ್ಟೆಂಬರ್‌ನಿಂದ ನಿಷೇಧಿಸಿದೆ. ಇದಕ್ಕೂ ಮೊದಲು, 2022ರಲ್ಲಿ, ಇಂಥ ಚಿಕಿತ್ಸೆ ಕೊಡಿಸುವ ತಂದೆ ತಾಯಿಯರ ಮೇಲೆ ಮಕ್ಕಳ ಮೇಲಿನ ದೌರ್ಜನ್ಯದ ತನಿಖೆ ನಡೆಸುವಂತೆ ರಾಜ್ಯಪಾಲರು ಸೂಚಿಸಿದ್ದರು. (ಇಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗೆ ಸಮಾನರು.) ಟೆನ್ನೆಸಿ ರಾಜ್ಯದ ಇಂಥದ್ದೇ ನಿಷೇಧವನ್ನು ಸುಪ್ರೀಂ ಕೋರ್ಟ್ 2025ರ ಜೂನ್ 18ರಂದು 6–3ರ ಬಹುಮತದಿಂದ ಎತ್ತಿಹಿಡಿದ ಮೇಲೆ, ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿರುವ ಈ ಬಗೆಯ ಕಾನೂನುಗಳಿಗೆ ಬಲ ಬಂದಿದೆ. ಆ ತಂದೆ ತಾಯಿಯರಿಗೆ ಕಾದು ನೋಡುವ ಸಮಯ ಇಲ್ಲ, ಮಗುವಿನ ವಯಸ್ಸು ಕಾಯುವುದಿಲ್ಲ. ಅವರು ಮನೆ ಮಾರಿ ಬೇರೆ ರಾಜ್ಯಕ್ಕೆ ಹೊರಟರೆ ನಾನು ಪ್ರಶ್ನಿಸುವವಳಲ್ಲ.

ಬೇರೆ ರಾಜ್ಯ ಎಂದೆ. ದೇಶ ಬಿಡಿ ಎಂದು ಸಲಹೆ ಕೊಡುವವರು ಸಾಮಾನ್ಯವಾಗಿ ಮರೆಯುವ ದಾರಿ ಇದು. ಕ್ಯಾಲಿಫೋರ್ನಿಯ, ಮಿನ್ನೆಸೋಟ, ವಾಷಿಂಗ್ಟನ್ ರಾಜ್ಯಗಳಲ್ಲಿ, ಹೊರ ರಾಜ್ಯದಿಂದ ಚಿಕಿತ್ಸೆಗೆ ಬಂದವರಿಗೆ ರಕ್ಷಣೆ ನೀಡುವ ಕಾನೂನುಗಳು 2023ರಿಂದ ಇವೆ. ವಾಷಿಂಗ್ಟನ್ ರಾಜ್ಯದ ತಾರತಮ್ಯ ವಿರೋಧಿ ಕಾನೂನು ಲಿಂಗತ್ವ ಅಸ್ಮಿತೆಯನ್ನು 2006ರಲ್ಲೇ ಒಳಗೊಂಡಿತ್ತು. ಸಿಯಾಟಲ್‌ನಲ್ಲಿ ನನ್ನ ಕಸುಬಿನ ಕೆಲಸವೂ ಇದೆ, ಕನ್ನಡಿಗರೂ ಸಾಕಷ್ಟು ಇದ್ದಾರೆ. ಆದರೆ ಪಾಸ್‌ಪೋರ್ಟ್ ಕೊಡುವುದು ಕೇಂದ್ರ ಸರ್ಕಾರ. ಸಿಯಾಟಲ್‌ಗೆ ಹೋದರೆ ಶಾಲೆಯ ಸಭಾಂಗಣದ ತೊಂದರೆ ತಪ್ಪೀತೇ ಹೊರತು ದೋಹಾದ ತಪಾಸಣೆಯ ತೊಂದರೆ ತಪ್ಪುವುದಿಲ್ಲ.

ಇನ್ನು ಕೆನಡಾ. ಅಲ್ಲಿನ ಕಾಯಂ ವಾಸದ ಪರವಾನಗಿಗೆ ಇರುವ ಮುಖ್ಯ ದಾರಿ ಅಂಕ ಪದ್ಧತಿ. ವಯಸ್ಸು, ಓದು, ಭಾಷೆ, ಅನುಭವ ಎಲ್ಲಕ್ಕೂ ಅಂಕ. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರ ವಯಸ್ಸಿನಲ್ಲಿ 110 ಅಂಕ ಸಿಗುತ್ತದೆ, ಅಲ್ಲಿಂದ ವರ್ಷ ವರ್ಷಕ್ಕೂ ಇಳಿಯುತ್ತ ನಲವತ್ತಕ್ಕೆ 50 ಆಗಿ, ನಲವತ್ತೈದಕ್ಕೆ ಸೊನ್ನೆಯಾಗುತ್ತದೆ. ಉದ್ಯೋಗದ ಆಹ್ವಾನವಿದ್ದರೆ ಮೊದಲು ಹೆಚ್ಚುವರಿ ಅಂಕ ಕೊಡುತ್ತಿದ್ದರು. 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಹಾಗಾಗಿ ನನ್ನ ಪಾಲಿಗೆ ಉಳಿದಿರುವುದು ಅಮೆರಿಕ, ಮೆಕ್ಸಿಕೊ, ಕೆನಡಾ ನಡುವಿನ ವ್ಯಾಪಾರ ಒಪ್ಪಂದದ ಅಡಿಯಲ್ಲಿ ಕೆಲವು ವೃತ್ತಿಗಳವರಿಗೆ ದೊರೆಯುವ ತಾತ್ಕಾಲಿಕ ಕೆಲಸದ ಪರವಾನಗಿ. ಅದಕ್ಕೆ ಅಮೆರಿಕದ ಪೌರತ್ವ ಬೇಕು ಮತ್ತು ಕೆನಡಾದ ಮಾಲೀಕರೊಬ್ಬರು ಕೆಲಸ ಕೊಡಬೇಕು. ಕೆಲಸ ಹೋದರೆ ಅಲ್ಲಿರುವ ನೆಲೆಯೂ ಹೋದಂತೆ. ನನ್ನ ಹಾಗೆ ಇಲ್ಲಿರುವ, ಆದರೆ ಇನ್ನೂ ಭಾರತದ ಪೌರತ್ವದಲ್ಲೇ ಇದ್ದು ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಗೆಳತಿಗೆ ಈ ಕಿಟಕಿಯೂ ಇಲ್ಲ.

ಆಶ್ರಯ ಬೇಡಬಹುದಲ್ಲ ಎಂದು ಕೇಳುವವರಿದ್ದಾರೆ. ನಿರಾಶ್ರಿತರೆಂದು ಒಪ್ಪಿಕೊಳ್ಳಬೇಕಾದರೆ ತನ್ನ ದೇಶದಲ್ಲಿ ಕಿರುಕುಳದ ಭಯಕ್ಕೆ ಆಧಾರವಿದೆ ಎಂದಷ್ಟೇ ತೋರಿಸಿದರೆ ಸಾಲದು, ಆ ದೇಶದೊಳಗೆ ಬೇರೆಲ್ಲಿಯೂ ಸುರಕ್ಷಿತವಾಗಿ ಬಾಳಲಾಗದು ಎಂದೂ ತೋರಿಸಬೇಕು. ‘ನೀವು ಸಿಯಾಟಲ್‌ಗೆ ಯಾಕೆ ಹೋಗಲಿಲ್ಲ?’ ಎಂದು ಕೆನಡಾದ ಅಧಿಕಾರಿ ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅಮೆರಿಕದ ನಾನ್‌ಬೈನರಿ (ಹೆಣ್ಣು, ಗಂಡು ಎರಡೂ ಅಲ್ಲದ) ವ್ಯಕ್ತಿಯೊಬ್ಬರನ್ನು ಗಡೀಪಾರು ಮಾಡುವುದಕ್ಕೆ ಕೆನಡಾದ ಫೆಡರಲ್ ನ್ಯಾಯಾಲಯ 2025ರ ಜುಲೈನಲ್ಲಿ ತಡೆ ನೀಡಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಅದು ತಡೆಯಾಜ್ಞೆ, ಆಶ್ರಯ ನೀಡಿದ ತೀರ್ಪಲ್ಲ. ಭಾರತದ ಪೌರತ್ವವಿರುವ ನನ್ನ ಗೆಳತಿ ಅಮೆರಿಕದ ಗಡಿ ದಾಟಿ ಕೆನಡಾದಲ್ಲಿ ಆಶ್ರಯ ಕೇಳಿದರೆ, ಎರಡು ದೇಶಗಳ ನಡುವಿನ ‘ಸುರಕ್ಷಿತ ಮೂರನೇ ದೇಶ’ ಒಪ್ಪಂದದಂತೆ ಅವಳನ್ನು ಅಮೆರಿಕಕ್ಕೇ ವಾಪಸ್ ಕಳುಹಿಸುವ ಸಂಭವವೇ ಹೆಚ್ಚು. ಈ ಒಪ್ಪಂದವನ್ನು 2023ರ ಮಾರ್ಚ್‌ನಲ್ಲಿ ಭೂಗಡಿಯ ಉದ್ದಕ್ಕೂ ವಿಸ್ತರಿಸಲಾಗಿದೆ. ಕೆನಡಾದ ಒಳಗೂ ಎಲ್ಲ ಪ್ರಾಂತ್ಯಗಳೂ ಒಂದೇ ತೆರನಲ್ಲ: ಆಲ್ಬರ್ಟಾ ಪ್ರಾಂತ್ಯ 2024ರ ಕೊನೆಯಲ್ಲಿ ಅಪ್ರಾಪ್ತರ ಚಿಕಿತ್ಸೆ, ಶಾಲೆ ಮತ್ತು ಕ್ರೀಡೆಗೆ ಸಂಬಂಧಿಸಿದಂತೆ ನಿರ್ಬಂಧದ ಕಾನೂನುಗಳನ್ನು ತಂದಿತು.

ಯುರೋಪಿನ ಮಾತೂ ಅಷ್ಟೆ. ಜರ್ಮನಿಯಲ್ಲಿ 2024ರ ನವೆಂಬರ್ 1ರಿಂದ ಸ್ವಂತ ಘೋಷಣೆಯೊಂದರಿಂದಲೇ ದಾಖಲೆ ಬದಲಿಸಿಕೊಳ್ಳಬಹುದು. ಹಂಗರಿಯಲ್ಲಿ 2020ರಿಂದ ಬದಲಿಸಿಕೊಳ್ಳಲು ದಾರಿಯೇ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಜೈವಿಕವಾಗಿ ಮಹಿಳೆ ಮಾತ್ರ ಎಂದು ತೀರ್ಪಿತ್ತಿತು. ಭಾಷೆ ಬಾರದ ಊರಿನಲ್ಲಿ ಹೊಸದಾಗಿ ಕೆಲಸ ಹುಡುಕಬೇಕಾದ ವಯಸ್ಸೂ ನನ್ನದಲ್ಲ.

ಕಡೆಯದು ಊರು. ನಮ್ಮ ರಾಜ್ಯವನ್ನು ಹಗುರವಾಗಿ ಕಾಣುವವಳು ನಾನಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಭಾರತದ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿ ನಾನು ಇಲ್ಲಿ ಕುಳಿತು ಅತ್ತಿದ್ದೆ. 2019ರ ಕಾಯ್ದೆ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರಕ್ಕೆ ಕಟ್ಟಿಹಾಕಿದ್ದರಿಂದ ಸಮುದಾಯದವರು ಆಗಲೇ ವಿರೋಧಿಸಿದ್ದೂ ಗೊತ್ತಿದೆ. ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಮಂಜಮ್ಮ ಜೋಗತಿ ಅವರನ್ನು ಜಾನಪದ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದ ರಾಜ್ಯವೂ ನಮ್ಮದೇ. ಆದರೆ ನಾನು ಮರಳುವುದು ಭಾರತದ ಪ್ರಜೆಯಾಗಿ ಅಲ್ಲ, ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಹೊಂದಿರುವ ವಿದೇಶಿಯಾಗಿ. ಒಸಿಐ ಇರುವವರಿಗೆ ಮತದಾನವಿಲ್ಲ, ಸರ್ಕಾರಿ ಹುದ್ದೆಯಿಲ್ಲ, ಕೃಷಿಭೂಮಿ ಕೊಳ್ಳುವ ಅವಕಾಶವಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಉಂಟು.

‘ಎಲ್ಲಾ ಬಿಟ್ಟು ಬಂದ್ಬಿಡು, ತೋಟ ನೋಡ್ಕಂಡು ನನ್ ಜೊತೆ ಇರು’ ಎಂದು ನನ್ನ ತಾಯಿ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾರೆ. ನನ್ನನ್ನು ಮಗಳೆಂದು ಕರೆಯಲು ಅವರಿಗೆ ಕೆಲವು ವರ್ಷ ಬೇಕಾಯಿತು. ಈಗ ತಡವರಿಸದೆ ಕರೆಯುತ್ತಾರೆ. ಕಂದಾಯ ದಾಖಲೆ ಇನ್ನೂ ಅಲ್ಲಿಗೆ ಬಂದಿಲ್ಲ. ತಂದೆಯವರು ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಮಾಡಿಸಿದ ವಂಶವೃಕ್ಷದಲ್ಲಿ ನಾನು ಹಳೆಯ ಹೆಸರಿನ ಮಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಅದೇ ಹೆಸರು. ಆ ಮಗ ಮತ್ತು ಈ ಹೆಂಗಸು ಒಬ್ಬರೇ ಎಂದು ಸಾಬೀತುಪಡಿಸಲು ಅಮೆರಿಕದ ನ್ಯಾಯಾಲಯದ ಹೆಸರು ಬದಲಾವಣೆಯ ಆದೇಶ, ಅದಕ್ಕೆ ಅಪೋಸ್ಟಿಲ್ (ಬೇರೆ ದೇಶದಲ್ಲಿ ಒಪ್ಪಲು ಬೇಕಾದ ದೃಢೀಕರಣ), ಅಫಿಡವಿಟ್, ಹಳೆಯ ಪಾಸ್‌ಪೋರ್ಟ್ ಎಲ್ಲವನ್ನೂ ಹಿಡಿದು ತಿರುಗಬೇಕು. ಈವರೆಗೆ ನನ್ನ ಕೈಯಲ್ಲಿದ್ದ ಗಟ್ಟಿ ದಾಖಲೆಯೆಂದರೆ ಅಮೆರಿಕದ ಪಾಸ್‌ಪೋರ್ಟ್. ಅದರಲ್ಲೇ ‘ಎಂ’ ಎಂದಾದರೆ ನಾಡಕಚೇರಿಯ ಮುಂದೆ ನನ್ನ ಮಾತಿಗೆ ಯಾವ ಆಧಾರ ಉಳಿಯುತ್ತದೆ? ಇವೆಲ್ಲದರ ಜೊತೆಗೆ, ತಾಯಿಯ ಕಾಲಾನಂತರ ಆ ಊರಿನಲ್ಲಿ ಒಂಟಿ ಹೆಂಗಸಾಗಿ, ಅದರಲ್ಲೂ ನನ್ನಂಥ ಹೆಂಗಸಾಗಿ, ಅಡಿಕೆ ಕೊನೆ ತೆಗೆಸಿಕೊಂಡು ಬಾಳಲು ನೆರೆಹೊರೆ ಬಿಡುತ್ತದೆಯೇ ಎಂಬ ಪ್ರಶ್ನೆಯನ್ನು ತಾಯಿ ಕೇಳುವುದಿಲ್ಲ, ನಾನೂ ಎತ್ತುವುದಿಲ್ಲ.

ಅಮೆರಿಕಕ್ಕೆ ಬರಬೇಕೆಂದಿರುವ ನಮ್ಮ ರಾಜ್ಯದ ಟ್ರಾನ್ಸ್‌ಜೆಂಡರ್ ಯುವಜನರಿಗೂ ಒಂದು ಮಾತು. ಎಂ.ಎಸ್. ಓದಲು ಬರಲೇ ಎಂದು ಕೆಲವರು ನನಗೆ ಸಂದೇಶ ಕಳುಹಿಸುತ್ತಾರೆ. ಇಲ್ಲಿನ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ 2025ರ ಏಪ್ರಿಲ್ 2ರಿಂದ ತನ್ನ ದಾಖಲೆಗಳಲ್ಲಿ ಜನನದ ಸಮಯದಲ್ಲಿ ಅಥವಾ ಅದಕ್ಕೆ ತೀರ ಹತ್ತಿರದಲ್ಲಿ ಕೊಟ್ಟ ಜನನ ಪ್ರಮಾಣಪತ್ರದಲ್ಲಿರುವ ಲಿಂಗವನ್ನೇ ಪರಿಗಣಿಸುತ್ತದೆ. ಭಾರತದಲ್ಲಿ ಕಷ್ಟಪಟ್ಟು ಪಾಸ್‌ಪೋರ್ಟ್ ತಿದ್ದಿಸಿಕೊಂಡವರಿಗೆ ಇಲ್ಲಿನ ವಲಸೆ ದಾಖಲೆಯಲ್ಲಿ ಹಳೆಯ ಅಕ್ಷರವೇ ಬರಬಹುದು. ವೀಸಾ ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟರೆಂದು ಅಧಿಕಾರಿ ತೀರ್ಮಾನಿಸಿದರೆ ಅದರ ಪರಿಣಾಮ ಜೀವಮಾನವಿಡೀ ಇರುತ್ತದೆ. ಆದ್ದರಿಂದ ಏಜೆಂಟರ ಮಾತು ನಂಬಿ ಫಾರಂ ತುಂಬಬೇಡಿ, ವಲಸೆ ವಕೀಲರನ್ನು ಕೇಳಿ. ವಿಶ್ವವಿದ್ಯಾಲಯ ಯಾವ ರಾಜ್ಯದಲ್ಲಿದೆ ಎಂಬುದನ್ನು ಅದರ ರ‍್ಯಾಂಕಿಂಗ್‌ನಷ್ಟೇ ಗಂಭೀರವಾಗಿ ನೋಡಿ. ಹಾಗೆಂದು ಬರಲೇಬೇಡಿ ಎನ್ನಲಾರೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹುಡುಗಿಗೆ ಟೆಕ್ಸಸ್ ಕೂಡ ಬಿಡುಗಡೆಯಾಗಿ ಕಂಡೀತು. ಅದನ್ನು ತೂಗಬೇಕಾದವಳು ಅವಳೇ.

ನನ್ನ ತೀರ್ಮಾನವನ್ನೂ ಹೇಳಿಬಿಡುತ್ತೇನೆ. ಸದ್ಯಕ್ಕೆ ದೇಶ ಬಿಡುವುದಿಲ್ಲ. ನನ್ನ ಕಂಪನಿಯ ಸಿಯಾಟಲ್ ಕಚೇರಿಗೆ ವರ್ಗ ಕೇಳಿದ್ದೇನೆ. ಪಾಸ್‌ಪೋರ್ಟ್ ಊರ್ಜಿತವಾಗಿರುವಾಗಲೇ, ಜೂನ್‌ನಲ್ಲಿ, ಊರಿಗೆ ಹೋಗಿ ತಾಯಿಯ ಜೊತೆ ಇದ್ದು, ಖಾತೆಯ ಕೆಲಸವನ್ನು ಆದಷ್ಟು ಮುಗಿಸಿಕೊಂಡು ಬರುತ್ತೇನೆ. ಕೆನಡಾದ ಕೆಲಸಗಳಿಗೂ ಅರ್ಜಿ ಹಾಕುತ್ತಿದ್ದೇನೆ; ಸಿಕ್ಕರೆ ಹೋಗುವೆನೋ ಇಲ್ಲವೋ, ದಾರಿಯೊಂದು ತೆರೆದಿರಲಿ ಎಂದು. ಇದು ಧೈರ್ಯವಂತೆಯ ತೀರ್ಮಾನವೂ ಅಲ್ಲ, ಹೆದರುಪುಕ್ಕಲಿಯದೂ ಅಲ್ಲ. ಪೌರತ್ವ, ಸಂಬಳ, ಕಸುಬು ಮೂರೂ ಇರುವವಳ ಅನುಕೂಲದ ತೀರ್ಮಾನ. ಇವು ಯಾವುವೂ ಇಲ್ಲದವರು ಇಲ್ಲಿ ನನ್ನ ಸುತ್ತಲೇ ಇದ್ದಾರೆ. ಅಂಗಡಿಯಲ್ಲಿ ಗಂಟೆಗೂಲಿಗೆ ದುಡಿಯುವವರಿಗೆ ‘ಹೊರಟುಬಿಡಿ’ ಎಂದರೆ ಯಾವ ವೀಸಾದಲ್ಲಿ ಎಂಬುದನ್ನೂ ಹೇಳಬೇಕಾಗುತ್ತದೆ.

ಸಲಹೆ ಕೊಡುವ ಓದುಗರು ನಿಜವಾಗಿ ನೆರವಾಗಬಯಸಿದರೆ ಕರ್ನಾಟಕದಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ನಮ್ಮ ಇಚ್ಛೆಗೆ ವಿರುದ್ಧವಾಗಿ ವಿದೇಶದ ಪಾಸ್‌ಪೋರ್ಟ್‌ನಲ್ಲಿ ಲಿಂಗದ ನಮೂದು ಬದಲಾದಾಗ, ಮೊದಲಿನ ನಮೂದಿನಂತೆ ಪಡೆದ ಒಸಿಐ ಕಾರ್ಡ್‌ನ ಗತಿಯೇನು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದನ್ನು ಹೇಗೆ ಪರಿಗಣಿಸಬೇಕು ಎಂಬ ಬಗ್ಗೆ ಎಲ್ಲರಿಗೂ ಅರ್ಥವಾಗುವ ಸುತ್ತೋಲೆಯೊಂದನ್ನು ಹೊರಡಿಸುವಂತೆ ನಮ್ಮ ಸಂಸದರು ಕೇಂದ್ರ ಗೃಹ ಸಚಿವಾಲಯವನ್ನು ಕೇಳಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮತ್ತು ವಂಶವೃಕ್ಷದಲ್ಲಿ ಹೆಸರು ಹಾಗೂ ಲಿಂಗವನ್ನು ತಿದ್ದಿಸಿಕೊಳ್ಳಲು ವಿದೇಶದಲ್ಲಿರುವವರು ಪದೇ ಪದೇ ಖುದ್ದಾಗಿ ಬರಬೇಕಾಗದಂತೆ, ಒಂದೇ ಅರ್ಜಿಯಲ್ಲಿ ಮುಗಿಯುವ ವ್ಯವಸ್ಥೆಯನ್ನು ರಾಜ್ಯದ ಶಿಕ್ಷಣ ಮತ್ತು ಕಂದಾಯ ಇಲಾಖೆಗಳು ಮಾಡಬೇಕು. ಈ ಎರಡು ವಿಷಯಗಳ ಬಗ್ಗೆ ಸಂಬಂಧಪಟ್ಟವರಿಂದ ಉತ್ತರ ಪಡೆದು ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು, ಡಲ್ಲಾಸ್, ಟೆಕ್ಸಸ್
(ಹೆಸರು ಮತ್ತು ವಿಳಾಸವನ್ನು ಪತ್ರಿಕಾ ಕಚೇರಿಗೆ ತಿಳಿಸಿದ್ದೇನೆ, ಪ್ರಕಟಿಸಬಾರದಾಗಿ ಕೋರಿಕೆ.)